ಹಳೆಯ ಮರದ ಅಲಂಕಾರ ಸಾಮಾನನ್ನು ಮನೆಬಳಕೆಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಗುಜರಿ ಅಂಗಡಿಗಳಲ್ಲಿ, ಸೆಕೆಂಡ್ ಹ್ಯಾಂಡ್ ಪೀಠೋಪಕರಣ ಮಾರುವವರ ಬಳಿ ಮತ್ತು ಹಳೆಯ ಮನೆ ಕೆಡವಿದ ಜಾಗಗಳಲ್ಲಿ ಮರದ ಅಲಂಕಾರ ಸಾಮಾನು ಕಡಿಮೆ ಬೆಲೆಗೆ ಸಿಗುತ್ತದೆ. ಕೆತ್ತನೆಯ ಫಲಕ, ಫೋಟೊ ಚೌಕಟ್ಟು, ಗೋಡೆ ಗಡಿಯಾರದ ಪೆಟ್ಟಿಗೆ, ಬಹುಮಾನದ ಶೀಲ್ಡು, ಕಡೆತದ (ಮರವನ್ನು ತಿರುಗಿಸಿ ಉರುಟಾಗಿ ಕಡೆದ) ಕೆಲಸವಿರುವ ದೀಪಸ್ತಂಭ, ಆನೆ ಕುದುರೆಗಳ ಬೊಂಬೆ ಹೀಗೆ ನಾನಾ ಬಗೆಯವು. ಇವನ್ನು ಬರೀ ನೋಡುವ ವಸ್ತುವಾಗಿ ಇಟ್ಟುಕೊಳ್ಳದೆ ದಿನಬಳಕೆಗೆ ತಂದುಕೊಳ್ಳಬೇಕೆನ್ನುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲಸ ನಡೆಯಬೇಕಾದ ಕ್ರಮದಲ್ಲೇ ಪ್ರಶ್ನೆಗಳನ್ನೂ ಜೋಡಿಸಿದ್ದೇವೆ. ಮರ ಯಾವುದು, ಅದರ ಮೇಲೆ ಬಳಿದಿರುವುದೇನು ಎಂಬುದು ಮೊದಲು. ಅದರಿಂದ ಏನು ಮಾಡಬಹುದೆಂಬುದು ಆಮೇಲೆ. ಹೆಚ್ಚಿನವರು ಇದನ್ನು ಹಿಂದುಮುಂದು ಮಾಡುತ್ತಾರೆ, ಕೆಲಸ ಕೆಡುವುದೂ ಬಹುಮಟ್ಟಿಗೆ ಅಲ್ಲಿಯೇ.

ಕೊಳ್ಳುವಾಗ ಏನನ್ನು ನೋಡಬೇಕು?

ಮುಂಭಾಗದ ಅಂದವನ್ನು ಅಂಗಡಿಯವನೇ ತೋರಿಸುತ್ತಾನೆ; ನೀವು ಹಿಂಭಾಗವನ್ನೂ ಅಡಿಭಾಗವನ್ನೂ ನೋಡಬೇಕು. ಪಾಲಿಶ್ ಕಾಣದ ಆ ಕಡೆಯಲ್ಲಿ ಮರದ ನಿಜವಾದ ಬಣ್ಣ, ಹುಳುಕು, ಸೀಳು, ಹಿಂದೆ ಮಾಡಿದ ರಿಪೇರಿ ಎಲ್ಲವೂ ಗೊತ್ತಾಗುತ್ತವೆ. ವಸ್ತುವನ್ನು ಸಮತಟ್ಟಾದ ನೆಲದ ಮೇಲಿಟ್ಟು ಅದು ಅಲುಗಾಡುತ್ತದೆಯೇ ಎಂದು ಪರೀಕ್ಷಿಸಿ. ಕೂಡುಗಳು ಸಡಿಲವಾಗಿದ್ದರೆ ಚಿಂತೆಯಿಲ್ಲ, ಅಂಟು ಹಾಕಿ ಬಿಗಿ ಮಾಡಬಹುದು. ಹಲಗೆಯೇ ತಿರುಚಿಕೊಂಡಿದ್ದರೆ ಮನೆಯಲ್ಲಿ ಸರಿಪಡಿಸುವುದು ಕಷ್ಟ, ಅಂಥದ್ದನ್ನು ಬಿಟ್ಟುಬಿಡಿ. ಟೇಪು, ಒಂದು ಸಣ್ಣ ಟಾರ್ಚು, ಒಂದು ದಬ್ಬಣ ಜೊತೆಯಲ್ಲಿರಲಿ; ದಬ್ಬಣದ ತುದಿಯನ್ನು ಹಿಂಬದಿಯಲ್ಲಿ ಮೆಲ್ಲಗೆ ಒತ್ತಿದಾಗ ಸಲೀಸಾಗಿ ಒಳಗಿಳಿದರೆ ಆ ಮರ ಒಳಗೇ ಪೊಳ್ಳಾಗಿದೆ ಎಂದರ್ಥ.

ಇದು ಗಟ್ಟಿ ಮರವೋ, ಎಂಡಿಎಫೋ, ಪ್ಲೈವುಡ್ಡೋ ತಿಳಿಯುವುದು ಹೇಗೆ?

ಅಂಚನ್ನು ನೋಡಿ. ಗಟ್ಟಿ ಮರದಲ್ಲಿ ಮೇಲ್ಮೈಯ ಎಳೆಗಳು ಅಂಚಿನಲ್ಲಿಯೂ ಮುಂದುವರಿದು, ಹಲಗೆಯ ಅಡ್ಡ ತುದಿಯಲ್ಲಿ ಕಮಾನಿನಂತಹ ಬೆಳವಣಿಗೆಯ ಗೆರೆಗಳಾಗಿ ಕಾಣುತ್ತವೆ. ಪ್ಲೈವುಡ್ಡಿನ ಅಂಚಿನಲ್ಲಿ ಪದರಗಳು ಒಂದರ ಮೇಲೊಂದು ಇರುತ್ತವೆ. ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆಗೆ ಎಳೆಯೇ ಇಲ್ಲ. ಅಂಚು ಒತ್ತಿದ ರಟ್ಟಿನಂತೆ ಏಕರೂಪವಾಗಿರುತ್ತದೆ, ಒದ್ದೆಯಾದ ಕಡೆ ಉಬ್ಬಿರುತ್ತದೆ. ಶಾಲಾ ಕ್ರೀಡೆ, ಸಂಘ ಸಂಸ್ಥೆಗಳ ಸಮಾರಂಭದಲ್ಲಿ ಕೊಡುವ ಶೀಲ್ಡುಗಳಲ್ಲಿ ಬಹಳಷ್ಟು ಎಂಡಿಎಫ್ ಮೇಲೆ ಮರದ ಬಣ್ಣದ ಹಾಳೆ ಅಂಟಿಸಿದವೇ ಆಗಿರುತ್ತವೆ. ಅವು ಬೇಡವೆಂದಲ್ಲ, ಬೀಗದ ಕೈ ತೂಗುಹಾಕುವ ಹಲಗೆಗೆ ಸಾಕು. ನೀರು ತಾಗುವ ಜಾಗಕ್ಕೂ ಆಹಾರ ತಾಗುವ ಜಾಗಕ್ಕೂ ಅವನ್ನು ಒಯ್ಯಬಾರದು, ಏಕೆಂದರೆ ಎಂಡಿಎಫ್ ತಯಾರಿಯಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುವ ಅಂಟನ್ನೇ ಬಳಸುತ್ತಾರೆ. ಪ್ಲೈವುಡ್ಡಿನ ಮೇಲೆ ಐಎಸ್ 710 ಎಂಬ ಭಾರತೀಯ ಮಾನಕದ ಮುದ್ರೆ ಕಂಡರೆ ಅದು ನೀರಿಗೆ ತಡೆಯುವ ಮರೈನ್ ದರ್ಜೆಯದು. ಐಎಸ್ 303 ಎಂದಿದ್ದರೆ ಸಾಧಾರಣ ಬಳಕೆಯದು.

ನಮ್ಮ ಕಡೆ ಹಳೆಯ ಸಾಮಾನಿನಲ್ಲಿ ಯಾವ ಯಾವ ಮರ ಸಿಗುತ್ತದೆ, ಯಾವುದು ಯಾವುದಕ್ಕೆ ಒದಗುತ್ತದೆ?

ಸಾಗುವಾನಿ, ಅಂದರೆ ತೇಗ, ಎಲ್ಲರಿಗೂ ಬೇಕಾದದ್ದು. ಕೆರೆದಾಗ ಚರ್ಮದ ವಾಸನೆಯನ್ನು ಹೋಲುವ ಸಣ್ಣ ಘಾಟು, ಕೈಗೆ ಎಣ್ಣೆಯ ಜಿಡ್ಡಿನ ಅನುಭವ, ಹೊಂಬಣ್ಣ ಮಿಶ್ರಿತ ಕಂದು ಇದರ ಗುರುತು. ತೇಗದ ಚೇಗಿನಲ್ಲಿ, ಅಂದರೆ ಕಾಂಡದ ಒಳಭಾಗದ ಮರದಲ್ಲಿ, ಇರುವ ಸಹಜ ಎಣ್ಣೆ ಮತ್ತು ರಾಸಾಯನಿಕಗಳ ಕಾರಣ ಗೆದ್ದಲು ಅದರ ಹತ್ತಿರ ಸುಲಭವಾಗಿ ಸುಳಿಯುವುದಿಲ್ಲ. ಆದರೆ ಅದೇ ಎಣ್ಣೆ ಅಂಟು ಹಿಡಿಯದಂತೆಯೂ ಮಾಡುತ್ತದೆ. ಆದ್ದರಿಂದ ತೇಗದ ಕೂಡುಗಳಿಗೆ ಅಂಟು ಹಚ್ಚುವ ಮುನ್ನ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟಿಸಬೇಕು.

ಹಲಸಿನ ಮರ ತುಮಕೂರು ಜಿಲ್ಲೆಯವರಿಗೆ ಹೊಸದೇನಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರು ಸೀಮೆ ಹಲಸಿಗೆ ಹೆಸರಾದದ್ದು. ಹೊಸದಾಗಿ ಕೊಯ್ದಾಗ ಹಳದಿಯಾಗಿರುವ ಈ ಮರ ವರ್ಷಗಳು ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ವೀಣೆಯ ಕೊಡಕ್ಕೂ ಮೃದಂಗದ ಕಳಸಿಗೂ ಇದನ್ನೇ ಆರಿಸುತ್ತಾರೆ ಎಂದರೆ ಇದರ ಸ್ಥಿರತೆ ತಿಳಿಯುತ್ತದೆ. ಹಳೆಯ ಮಣೆ, ಮಂದಾಸನ, ಬಾಗಿಲ ಚೌಕಟ್ಟುಗಳಲ್ಲಿ ಹಲಸು ಕಂಡರೆ ನಮ್ಮ ಮಟ್ಟಿಗೆ ಅದು ತೇಗಕ್ಕಿಂತ ಒಳ್ಳೆಯ ಖರೀದಿ, ಏಕೆಂದರೆ ಮಾರುವವರು ಅದಕ್ಕೆ ತೇಗದ ಬೆಲೆ ಹೇಳುವುದಿಲ್ಲ.

ಮಾವಿನ ಮರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಹೇರಳ. ಮೃದುವಾಗಿದ್ದು ಕೆಲಸಕ್ಕೆ ಸುಲಭ, ಎಳೆಗಳೂ ಚೆಂದ. ಹುಳುವಿನ ಕಾಟ ಮಾತ್ರ ಜಾಸ್ತಿ. ಈಚಿನ ಅಲಂಕಾರ ವಸ್ತುಗಳಲ್ಲಿ, ಅಂದರೆ ಕೆತ್ತಿದ ಟ್ರೇ, ಗೋಡೆಯ ಫಲಕ, ಬೊಂಬೆಗಳಲ್ಲಿ, ಬಹಳವಾಗಿ ಕಾಣುವುದು ಇದೇ. ತೆಂಗಿನ ಮರಕ್ಕೆ ಬೆಳವಣಿಗೆಯ ಉಂಗುರವಿಲ್ಲ, ಬದಲಿಗೆ ಕಪ್ಪು ಕಂದು ಚುಕ್ಕಿಗಳಿರುತ್ತವೆ. ಕಾಂಡದ ಹೊರಸುತ್ತು ಕಬ್ಬಿಣದಷ್ಟು ಗಟ್ಟಿ, ನಡುಭಾಗ ಮೆದು. ಅದರ ಸಿಬಿರು ಕೈಗೆ ಚುಚ್ಚಿದರೆ ತೆಗೆಯುವುದು ತ್ರಾಸ, ಆದ್ದರಿಂದ ಗವಸು ಹಾಕಿಕೊಂಡೇ ಉಜ್ಜಿ. ಬೇವು ಹುಳುವಿಗೆ ತಕ್ಕಮಟ್ಟಿಗೆ ತಡೆಯುತ್ತದೆ, ಬಟ್ಟೆ ಇಡುವ ಪೆಟ್ಟಿಗೆಗೆ ಸೂಕ್ತ. ನೀಲಗಿರಿ ತಿರುಚಿಕೊಳ್ಳುವ ಸ್ವಭಾವದ್ದು, ಅದರಿಂದ ಮಾಡಿದ ತೆಳು ಹಲಗೆಗಳನ್ನು ನಂಬಬೇಡಿ.

ಮರದಲ್ಲಿ ಸಣ್ಣ ತೂತುಗಳಿದ್ದು ಹಿಟ್ಟಿನಂಥ ಪುಡಿ ಉದುರುತ್ತಿದೆ. ಮನೆಯೊಳಗೆ ತರಬಹುದೇ?

ತರಬೇಡಿ, ಕನಿಷ್ಠ ಪಕ್ಷ ಈಗಲೇ ತರಬೇಡಿ. ಒಂದೆರಡು ಮಿಲಿಮೀಟರ್ ಅಗಲದ ದುಂಡು ತೂತು ಮತ್ತು ರಾಗಿ ಹಿಟ್ಟಿಗಿಂತಲೂ ನುಣುಪಾದ ಪುಡಿ ಕೊರೆಹುಳುವಿನ ಗುರುತು. ಇವು ಮರದ ಹೊರಭಾಗದ ಬಿಳಿ ಮರದಲ್ಲಿರುವ ಪಿಷ್ಟವನ್ನು ತಿಂದು ಬದುಕುವುದರಿಂದ ಚೇಗನ್ನು ಸಾಧಾರಣವಾಗಿ ಮುಟ್ಟುವುದಿಲ್ಲ. ತೂತು ಹಳೆಯದಾಗಿ ಹುಳು ಹೊರಟುಹೋಗಿರಲೂಬಹುದು. ಪರೀಕ್ಷಿಸಲು ಆ ವಸ್ತುವನ್ನು ಕಪ್ಪು ಕಾಗದದ ಮೇಲಿಟ್ಟು, ಪುಡಿಯನ್ನೆಲ್ಲ ಒರೆಸಿ, ವರಾಂಡದಲ್ಲಿ ಕೆಲವು ವಾರ ಬಿಡಿ. ಹೊಸ ಪುಡಿ ಬಿದ್ದರೆ ಹುಳು ಒಳಗಿದೆ.

ಸಣ್ಣ ವಸ್ತುವಾದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡುವುದು ಅತ್ಯಂತ ಸ್ವಚ್ಛವಾದ ಉಪಾಯ. ಹೊರತೆಗೆದ ಮೇಲೆ ಮರ ಕೋಣೆಯ ಉಷ್ಣತೆಗೆ ಬರುವವರೆಗೂ ಚೀಲ ಬಿಚ್ಚಬೇಡಿ, ಇಲ್ಲವಾದರೆ ಮೇಲೆ ನೀರಿನ ಪಸೆ ಕೂರುತ್ತದೆ. ದೊಡ್ಡ ವಸ್ತುವಿಗೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಬಿಳಿಗಾರ (ಬೋರಾಕ್ಸ್) ಒಂದೂವರೆ ಪಾಲು, ಬೋರಿಕ್ ಆಸಿಡ್ ಒಂದು ಪಾಲು ಬೆರೆಸಿ ಬಿಸಿನೀರಿನಲ್ಲಿ ಕರಗಿಸಿ, ಪಾಲಿಶ್ ತೆಗೆದ ಬರಿಯ ಮರಕ್ಕೆ ಎರಡು ಮೂರು ಸಲ ಹಚ್ಚಬಹುದು. ಪಾಲಿಶ್ ಇರುವ ಮರದೊಳಗೆ ಈ ದ್ರಾವಣ ಇಳಿಯುವುದಿಲ್ಲ. ನೀರು ತಾಗಿದರೆ ತೊಳೆದುಹೋಗುವುದರಿಂದ ಒಣಗಿದ ಮೇಲೆ ಹೊಸ ಪಾಲಿಶ್ ಹಾಕಲೇಬೇಕು. ಈ ಉಪಚಾರ ಪಡೆದ ಮರವನ್ನು ಊಟ ತಿಂಡಿಯ ಕೆಲಸಕ್ಕೆ ಬಳಸಬಾರದು. ಗೆದ್ದಲಿನ ಮಣ್ಣಿನ ಗೆರೆ ಇರುವ ಸಾಮಾನಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ, ಆದರೆ ಗೆದ್ದಲು ನೆಲದ ಸಂಪರ್ಕದಿಂದ ಬರುವುದರಿಂದ ಸಾಮಾನನ್ನು ಬೇರ್ಪಡಿಸಿ ಬಿಸಿಲಿಗೆ ಹಾಕಿದರೆ ಅದರ ಬಾಧೆ ಬೇಗ ನಿಲ್ಲುತ್ತದೆ.

ಹಳೆಯ ಬಣ್ಣದ ವಸ್ತುವನ್ನು ಹಾಗೆಯೇ ಉಜ್ಜಬಹುದೇ?

ಒಣಗಿದ್ದಂತೆಯೇ ಉಜ್ಜಬಾರದು. ಹಳೆಯ ಎನಾಮಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ, ಸೀಸ ಇರುವ ಸಂಭವ ಹೆಚ್ಚು. ಮನೆ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಅಂಶ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿತು, ಅದು 2017ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕೂ ಹಿಂದಿನ ಬಣ್ಣದ ಸಾಮಾನನ್ನೆಲ್ಲ ಸೀಸವಿರುವುದೆಂದೇ ಭಾವಿಸಿ ನಡೆದುಕೊಳ್ಳುವುದು ಜಾಣತನ. ಸೀಸದ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ, ಗರ್ಭಿಣಿಯರಿಗೂ ಅಪಾಯಕಾರಿ. ಆದ್ದರಿಂದ ತೊಟ್ಟಿಲು, ಮಕ್ಕಳ ಆಟಿಕೆ, ನಡೆಗಾಡಿಯಂಥ ಹಳೆಯ ಬಣ್ಣದ ವಸ್ತುವನ್ನು ಮತ್ತೆ ಮಕ್ಕಳ ಕೈಗೆ ಕೊಡುವ ಯೋಚನೆಯನ್ನೇ ಬಿಡಿ.

ಉಜ್ಜಲೇಬೇಕಾದರೆ ನೀರಿಗೆ ತಡೆಯುವ ಎಮರಿ ಪೇಪರನ್ನು ಒದ್ದೆ ಮಾಡಿಕೊಂಡು, ಮನೆಯ ಹೊರಗೆ, ಎನ್95 ಮಾಸ್ಕ್ ಧರಿಸಿ, ಕೆಳಗೆ ಹಳೆಯ ಫ್ಲೆಕ್ಸ್ ಹಾಸಿಕೊಂಡು ಉಜ್ಜಿ. ಕೆಸರನ್ನು ಒರೆಸಿ ತೆಗೆದು ಕಟ್ಟಿ ಬಿಸಾಡಿ. ಅದನ್ನು ಗಿಡದ ಬುಡಕ್ಕೋ ಚರಂಡಿಗೋ ತೊಳೆದು ಬಿಡಬೇಡಿ. ಬ್ಲೋ ಲ್ಯಾಂಪಿನಿಂದ ಬಣ್ಣ ಸುಡುವುದು ಕೆಲವರ ರೂಢಿ, ಅದರಿಂದ ಸೀಸ ಆವಿಯಾಗಿ ನೇರ ಉಸಿರಿಗೆ ಸೇರುತ್ತದೆ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಅದನ್ನು ತೆಗೆಯದೆ ಮೇಲೊಂದು ಹೊಸ ಪದರ ಹಚ್ಚಿ ಮುಚ್ಚಿಬಿಡುವುದೇ ಎಷ್ಟೋ ಸಲ ಒಳ್ಳೆಯ ತೀರ್ಮಾನ.

ಬಣ್ಣವಿಲ್ಲದ ಮರದ ಧೂಳು ಕೂಡ ನಿರಪಾಯಕಾರಿಯಲ್ಲ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಬೀಟೆಯ ಪುಡಿಯಿಂದ ಕೆಲವರಿಗೆ ಚರ್ಮದ ಮೇಲೆ ದದ್ದು ಏಳುತ್ತದೆ. ಅಂದರೆ ಮಾಸ್ಕ್ ಎಲ್ಲ ಕೆಲಸಕ್ಕೂ ಬೇಕು.

ಹಳೆಯ ಪಾಲಿಶನ್ನು ಪೂರ್ತಿ ತೆಗೆಯಬೇಕೇ?

ಯಾವ ಪಾಲಿಶ್ ಎಂದು ಮೊದಲು ತಿಳಿಯಿರಿ. ಹಿಂಬದಿಯ ಮೂಲೆಯಲ್ಲಿ ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಒತ್ತಿದಾಗ ಮೇಲ್ಮೈ ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟಿಗೆ ಏನೂ ಆಗದೆ ಥಿನ್ನರಿಗೆ ಮೆತ್ತಗಾದರೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಎಂಬ ಗಟ್ಟಿ ಲೇಪ. ಅರಗಿನ ಪಾಲಿಶಿನ ದೊಡ್ಡ ಗುಣವೆಂದರೆ ಹೊಸ ಪದರ ಹಳೆಯದರಲ್ಲಿ ಕರಗಿ ಬೆರೆಯುತ್ತದೆ. ಆದ್ದರಿಂದ ಕೊಳೆಯನ್ನು ಸೌಮ್ಯ ಸೋಪಿನ ಹಿಂಡಿದ ಬಟ್ಟೆಯಿಂದ ಒರೆಸಿ, 220 ನಂಬರಿನ ಎಮರಿಯಿಂದ ಹಗುರವಾಗಿ ಕೈಯಾಡಿಸಿ, ಮೇಲೆಯೇ ಮತ್ತೆ ಹಚ್ಚಿದರೆ ಸಾಕು. ಅದರ ಕೊರತೆಯೆಂದರೆ ಬಿಸಿ ಕಾಫಿಲೋಟ ಇಟ್ಟ ಕಡೆ ಬಿಳಿಯ ಉಂಗುರ ಮೂಡುತ್ತದೆ. ಟ್ರೇ, ಟೀಪಾಯಿಗಳಿಗೆ ಪಿಯು ವಾಸಿ. ಪೂರ್ತಿ ತೆಗೆಯುವುದಾದರೆ 80, 120, 180, 220 ಎಂಬ ಕ್ರಮದಲ್ಲಿ, ಎಳೆಯ ಉದ್ದಕ್ಕೇ ಉಜ್ಜಬೇಕು. ಕೆತ್ತನೆಯ ಒಳಸಂದುಗಳನ್ನು ಬೋಳಿಸಲು ಹೋಗಬೇಡಿ. ಅಲ್ಲಿ ನಿಂತ ಹಳೆಯ ಕಪ್ಪೇ ಕೆತ್ತನೆಯನ್ನು ಎದ್ದು ಕಾಣಿಸುವುದು.

ಯಾವ ಸಾಮಾನು ಯಾವ ಉಪಯೋಗಕ್ಕೆ ಬರುತ್ತದೆ?

ಆಕಾರವನ್ನು ಒತ್ತಾಯಿಸದೆ, ಅದರಲ್ಲಿ ಈಗಾಗಲೇ ಇರುವ ಸೌಕರ್ಯವನ್ನು ಬಳಸಿಕೊಳ್ಳುವುದು ಈ ಕೆಲಸದ ಮರ್ಮ. ಗರಗಸ ಎಷ್ಟು ಕಡಿಮೆ ಆಡುತ್ತದೆಯೋ ವಸ್ತು ಅಷ್ಟು ಗಟ್ಟಿಯಾಗಿ ಉಳಿಯುತ್ತದೆ.

ಕೆಟ್ಟು ನಿಂತ ಗೋಡೆ ಗಡಿಯಾರದ ಪೆಟ್ಟಿಗೆಗೆ ಗಾಜಿನ ಬಾಗಿಲು, ಕೀಲು, ಚಿಲಕ, ಮೂರು ನಾಲ್ಕು ಇಂಚಿನ ಆಳ ಎಲ್ಲ ಮೊದಲೇ ಇರುತ್ತವೆ. ಒಳಗೆ ಎರಡು ತೆಳು ಹಲಗೆ ಅಡ್ಡ ಕೂರಿಸಿದರೆ ಅದೇ ಔಷಧಿಯ ಗೂಡು. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಅಡುಗೆಮನೆಯ ಶಾಖದಿಂದ ದೂರದಲ್ಲಿ ಹಾಕಿ. ಗಡಿಯಾರದ ಯಂತ್ರ ಚಾಲೂ ಇದ್ದರೆ ಈ ಸಾಹಸ ಬೇಡ, ದುರಸ್ತಿ ಮಾಡುವವರ ಬಳಿ ಒಯ್ಯಿರಿ.

ಬಳಕೆ ತಪ್ಪಿದ ತೊಟ್ಟಿಲು ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಡಲು ಬಹಳ ಅನುಕೂಲ, ಏಕೆಂದರೆ ಸುತ್ತಲಿನ ಕಡೆತದ ಕಂಬಿಗಳ ನಡುವೆ ಗಾಳಿಯಾಡುತ್ತದೆ. ಈರುಳ್ಳಿ ಕೊಳೆಯುವುದು ಗಾಳಿಯಿಲ್ಲದೆ. ಆಲೂಗಡ್ಡೆಯನ್ನು ಈರುಳ್ಳಿಯ ಜೊತೆ ಬೆರೆಸದೆ ನಡುವೆ ಒಂದು ಹಲಗೆ ಅಡ್ಡ ಕೊಡಿ. ಬಣ್ಣ ಬಳಿದ ತೊಟ್ಟಿಲಾದರೆ ಒಳಗೆ ಗೋಣಿಚೀಲ ಹಾಸುವುದನ್ನು ಮರೆಯಬಾರದು. ಕಡೆತದ ದೀಪಸ್ತಂಭ, ಮೇಣದಬತ್ತಿ ಸ್ಟ್ಯಾಂಡುಗಳು ಬಳೆ ಸ್ಟ್ಯಾಂಡಾಗಲು ಏನನ್ನೂ ಕೇಳುವುದಿಲ್ಲ, ಅಡಿಗೆ ಭಾರವಾದ ಒಂದು ಹಲಗೆ ಸೇರಿಸಿದರೆ ಸಾಕು. ಜೋಡಿ ಆನೆಗಳು ಪುಸ್ತಕಗಳಿಗೆ ಆನಿಕೆಯಾಗುತ್ತವೆ. ಹಗುರವಾಗಿದ್ದರೆ ಅಡಿಯಲ್ಲಿ ತೆಳು ತಗಡನ್ನು ತಿರುಪಿನಿಂದ ಬಿಗಿದು, ಅದರ ಚಾಚಿದ ಭಾಗ ಪುಸ್ತಕಗಳ ಕೆಳಗೆ ಹೋಗುವಂತೆ ಮಾಡಿದರೆ ಪುಸ್ತಕದ ತೂಕವೇ ಆನೆಯನ್ನು ಹಿಡಿಯುತ್ತದೆ. ಕೆಡವಿದ ಮನೆಯ ಕಿಟಕಿ ಚೌಕಟ್ಟು ಕನ್ನಡಿಗೆ ಸರಿ. ಒನಕೆ ಬಟ್ಟೆ ತೂಗುಹಾಕುವ ಅಡ್ಡಗೋಲಾಗುತ್ತದೆ; ಅದಕ್ಕೆ ಮೊಳೆ ಹೊಡೆಯದೆ ಎರಡು ಕಬ್ಬಿಣದ ಕೊಕ್ಕೆಗಳ ಮೇಲೆ ಸುಮ್ಮನೆ ಇಟ್ಟರೆ, ಬೇಕಾದಾಗ ಒನಕೆ ಮತ್ತೆ ಒನಕೆಯೇ.

ಶಿಡ್ಲಘಟ್ಟದ ಕಡೆಯಿಂದ ತಂದ ರೇಷ್ಮೆ ಚಂದ್ರಿಕೆಯನ್ನು ಬಳಸಬಹುದೇ?

ರೇಷ್ಮೆಹುಳು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆ ಬಿದಿರಿನದು, ಮರವಲ್ಲ; ಆದರೂ ಇದನ್ನು ಕೇಳುವವರು ಬಹಳ. ಹುಳು ಗೂಡು ಕಟ್ಟಲು ಪ್ಲಾಸ್ಟಿಕ್ ಚಂದ್ರಿಕೆಗಳು ಬಂದ ಮೇಲೆ ಹಳೆಯ ಬಿದಿರಿನವು ಅಟ್ಟ ಸೇರಿವೆ. ಅದರ ಸುರುಳಿ ಸುರುಳಿಯಾದ ಹೆಣಿಗೆಗೆ ಕ್ಲಿಪ್ ಸಿಕ್ಕಿಸಿ ಫೋಟೊ, ಬಿಲ್ಲು, ಮದುವೆ ಪತ್ರಿಕೆಗಳನ್ನು ತೂಗುಹಾಕಬಹುದು. ಕಿವಿಯೋಲೆ, ಸರಗಳನ್ನು ಇಡಲೂ ಅನುಕೂಲ. ಹಪ್ಪಳ ಸಂಡಿಗೆ ಒಣಗಿಸಲು ಮಾತ್ರ ಬಳಸಬೇಡಿ. ರೇಷ್ಮೆ ಸಾಕಣೆಯ ಮನೆಗಳಲ್ಲಿ ಸೋಂಕು ನಿವಾರಣೆಗೆ ಫಾರ್ಮಲಿನ್ ಮತ್ತು ಬ್ಲೀಚಿಂಗ್ ಪುಡಿ ಬಳಸುವುದು ವಾಡಿಕೆ, ಬಿದಿರು ಅದನ್ನು ಹೀರಿಕೊಂಡಿರುತ್ತದೆ. ಗೋಡೆಗೆ ಹಾಕುವ ಮುನ್ನವೂ ತೊಳೆದು ಒಳ್ಳೆಯ ಬಿಸಿಲಿನಲ್ಲಿ ಒಣಗಿಸಿ.

ಫೋಟೊ ಚೌಕಟ್ಟನ್ನು ಕಾಫಿ ಟ್ರೇ ಮಾಡುವ ಕ್ರಮ ಯಾವುದು?

ಎಲ್ಲರೂ ಮೊದಲು ಕೈಹಾಕುವುದು ಇದಕ್ಕೇ. ಸರಿಯಾಗಿ ಮಾಡದಿದ್ದರೆ ಲೋಟಗಳ ಸಮೇತ ಕಳಚಿ ಬೀಳುವುದೂ ಇದೇ. ಚೌಕಟ್ಟಿನ ನಾಲ್ಕು ಮೂಲೆಗಳು 45 ಡಿಗ್ರಿಯಲ್ಲಿ ಕತ್ತರಿಸಿ ಕೂಡಿಸಿದವು. ಅಲ್ಲಿ ಎಳೆಯ ಕೊನೆಗಳು ಒಂದಕ್ಕೊಂದು ಎದುರಾಗುವುದರಿಂದ ಅಂಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಗೋಡೆಯ ಮೇಲೆ ತೂಗುವಾಗ ಸಾಕಾಗುವ ಆ ಕೂಡು, ಎರಡೂ ಬದಿಯಿಂದ ಹಿಡಿದು ಎತ್ತುವ ಟ್ರೇಗೆ ಸಾಲದು.

ಗವಸು ಹಾಕಿಕೊಂಡು ಗಾಜು, ರಟ್ಟು, ಸಣ್ಣ ಮೊಳೆಗಳನ್ನು ತೆಗೆಯಿರಿ. ಮೂಲೆಗಳು ಅಲುಗಾಡುತ್ತಿದ್ದರೆ ಬಿಚ್ಚಿ, ಹಳೆಯ ಅಂಟನ್ನು ಕೆರೆದು, ಹೊಸ ಅಂಟು ಹಾಕಿ, ಸುತ್ತಲೂ ಹಗ್ಗ ಬಿಗಿದು ಒಂದು ದಿನ ಬಿಡಿ. ಆಮೇಲೆ ಚೌಕಟ್ಟಿನ ಹೊರ ಅಳತೆಗಿಂತ ಕೂದಲೆಳೆಯಷ್ಟು ಕಿರಿದಾಗಿ 6 ಮಿಲಿಮೀಟರ್ ಮರೈನ್ ಪ್ಲೈವುಡ್ ಕತ್ತರಿಸಿ, ಅದನ್ನು ಗಾಜು ಕೂರುವ ತಗ್ಗಿನೊಳಗಲ್ಲ, ಚೌಕಟ್ಟಿನ ಅಡಿಗೇ ಅಂಟು ಮತ್ತು ತಿರುಪುಗಳಿಂದ ಕೂರಿಸಿ. ಆಗ ಭಾರವೆಲ್ಲ ಪ್ಲೈವುಡ್ಡಿನ ಮೇಲೆ ಬಿದ್ದು ಮೂಲೆಗಳು ಬಿಡಿಸಿಕೊಳ್ಳುವುದಿಲ್ಲ. ಹಿಡಿಗಳನ್ನು ಚಿಕ್ಕ ಬದಿಗಳಲ್ಲಿ, ತಿರುಪು ಪ್ಲೈವುಡ್ಡಿನ ಅಡಿಯಿಂದ ಚೌಕಟ್ಟನ್ನು ದಾಟಿ ಹಿಡಿಯೊಳಗೆ ಹೋಗುವಂತೆ ಬಿಗಿಯಿರಿ. ತಿರುಪು ಹಾಕುವ ಮುನ್ನ ಸಣ್ಣ ತೂತು ಕೊರೆದುಕೊಳ್ಳದಿದ್ದರೆ ಹಳೆಯ, ಒಣಗಿದ ಮರ ಸೀಳುತ್ತದೆ. ಒಳಗೆ ಹಳೆಯ ಇಳಕಲ್ ಸೀರೆಯ ಸೆರಗನ್ನು ಹಾಸಿ ಮೇಲೆ ಗಾಜು ಹಾಕಿಕೊಳ್ಳುವವರಿದ್ದಾರೆ. ನೋಡಲು ಸೊಗಸು, ಆದರೆ ತೂಕ ಹೆಚ್ಚುತ್ತದೆ ಮತ್ತು ಚೆಲ್ಲಿದ ಕಾಫಿ ಅಂಚಿನಿಂದ ಒಳಗಿಳಿದರೆ ಸೀರೆ ಹೋಯಿತೆಂದೇ ಲೆಕ್ಕ.

ಆಹಾರ ತಾಗುವ ವಸ್ತುಗಳಿಗೆ ಯಾವ ಎಣ್ಣೆ ಹಚ್ಚಬೇಕು? ಮನೆಯಲ್ಲಿರುವ ಎಣ್ಣೆ ಸಾಲದೇ?

ತರಕಾರಿ ಹೆಚ್ಚುವ ಹಲಗೆ, ರೊಟ್ಟಿ ತಟ್ಟುವ ಮಣೆ, ಸೌಟುಗಳನ್ನು ಮಾಡಲು ಹಿಂದೆ ಬಣ್ಣ, ಪಾಲಿಶ್, ಹುಳುವಿನ ಔಷಧಿ ಯಾವುದೂ ತಾಗಿರದ ಗಟ್ಟಿ ಮರ ಮಾತ್ರ ಆಗಬೇಕು. ಗುಜರಿಯಿಂದ ಬಂದ ಅಲಂಕಾರ ಸಾಮಾನಿನಲ್ಲಿ ಅಂಥ ಭರವಸೆ ಅಪರೂಪ. ಹಿನ್ನೆಲೆ ಗೊತ್ತಿಲ್ಲದ ಮರವನ್ನು ಅಡುಗೆಮನೆಯಲ್ಲಿ ಡಬ್ಬಿ ಇಡುವ ಸ್ಟ್ಯಾಂಡಾಗಿ ಬಳಸಿ, ಆಹಾರಕ್ಕೆ ತಾಗಿಸಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಹರಳೆಣ್ಣೆಗಳು ಮರದಲ್ಲಿ ಗಟ್ಟಿಯಾಗಿ ಒಣಗುವ ಜಾತಿಯವಲ್ಲ. ಹಚ್ಚಿದಾಗ ಹೊಳಪು ಬರುತ್ತದೆ, ದಿನ ಕಳೆದಂತೆ ಜಿಡ್ಡಾಗಿ ಧೂಳು ಹಿಡಿಯುತ್ತದೆ. ಕಡಲೆಕಾಯಿ ಎಣ್ಣೆಯಂತೂ ಮುಗ್ಗಲು ವಾಸನೆ ಬರುತ್ತದೆ. ಹೊಂಗೆ ಎಣ್ಣೆ ಹುಳುವನ್ನು ದೂರವಿಡುತ್ತದೆಂದು ನಮ್ಮ ಹಳ್ಳಿಗಳಲ್ಲಿ ಬಳಸುವುದುಂಟು, ಕೊಟ್ಟಿಗೆಯ ಮರಕ್ಕೆ ಅದು ಸರಿ. ಅದರ ಕಹಿ ಮತ್ತು ಘಾಟಿನಿಂದಾಗಿ ಅಡುಗೆಮನೆಗೆ ಸಲ್ಲದು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಣಗದಿದ್ದರೂ ಕೆಡುವುದಿಲ್ಲ, ರುಚಿ ವಾಸನೆಗಳಿಲ್ಲ. ಅದಕ್ಕೆ ಸ್ವಲ್ಪ ಜೇನುಮೇಣ ಕರಗಿಸಿ ಸೇರಿಸಿದರೆ ಹೆಚ್ಚುವ ಹಲಗೆಗೆ ಒಳ್ಳೆಯ ಲೇಪ. ಗಟ್ಟಿಯಾಗಿ ಒಣಗುವ ಎಣ್ಣೆ ಬೇಕಾದರೆ ಅಗಸೆ ಎಣ್ಣೆ. ಹಸಿಯ ಅಗಸೆ ಎಣ್ಣೆ ಪೂರ್ತಿ ಒಣಗಲು ವಾರಗಳೇ ಹಿಡಿಯುತ್ತವೆ. ಅಂಗಡಿಯಲ್ಲಿ ಸಿಗುವ ಬೇಗ ಒಣಗುವ ಬಗೆಯಲ್ಲಿ ಲೋಹದ ಅಂಶ ಸೇರಿಸಿರುತ್ತಾರೆ, ಅದನ್ನು ಆಹಾರ ತಾಗುವ ಮರಕ್ಕೆ ಬಳಸಬೇಡಿ. ಒಂದು ಎಚ್ಚರಿಕೆಯನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ಒಣಗುವಾಗ ಹುಟ್ಟುವ ಶಾಖ ಹೊರಹೋಗದೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಟ್ಟು ಆಮೇಲೆ ಬಿಸಾಡಿ.

ಹಿತ್ತಾಳೆಯ ಕೀಲು, ತುಕ್ಕು ಹಿಡಿದ ತಿರುಪುಗಳಿಗೆ ಏನು ಮಾಡಬೇಕು?

ಹಿತ್ತಾಳೆಯನ್ನು ಮರದಿಂದ ಬಿಚ್ಚಿ ಹುಣಸೆಹಣ್ಣಿನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ ಮತ್ತೆ ಹಾಕಿ. ಹಳೆಯ ಹಿತ್ತಾಳೆಯ ತಿರುಪು ಬರದಿದ್ದರೆ ಜೋರು ಮಾಡದೆ, ಬೆಸುಗೆ ಕಡ್ಡಿಯ (ಸೋಲ್ಡರಿಂಗ್ ಐರನ್) ಬಿಸಿ ತುದಿಯನ್ನು ಅದರ ತಲೆಗೆ ಒಂದು ನಿಮಿಷ ಹಿಡಿದು ಆರಿದ ಮೇಲೆ ತಿರುಗಿಸಿದರೆ ಸಡಿಲವಾಗುತ್ತದೆ. ಕಬ್ಬಿಣದ ಮೊಳೆಯ ಸುತ್ತ ಮರ ಕಪ್ಪಾಗಿದ್ದರೆ ಅದು ಮರದ ಒಗರು ಅಂಶಕ್ಕೂ ಕಬ್ಬಿಣಕ್ಕೂ ನೀರು ಸೇರಿ ಆದ ಕಲೆ. ಆಕ್ಸಾಲಿಕ್ ಆಸಿಡ್ಡಿನ ದ್ರಾವಣದಿಂದ ತಿಳಿಯಾಗುತ್ತದೆ. ಅದು ವಿಷ, ಗವಸು ಬೇಕು, ಆಮೇಲೆ ಮರವನ್ನು ಚೆನ್ನಾಗಿ ತೊಳೆಯಬೇಕು.

ಗೋಡೆಗೆ ಹಾಕುವ ಶೆಲ್ಫು, ಕನ್ನಡಿಗಳು ಬೀಳದಂತೆ ನೋಡಿಕೊಳ್ಳುವುದು ಹೇಗೆ?

ತೂಕ ಲೆಕ್ಕ ಹಾಕಿ. ಗಾಜು ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೊ ತೂಗುತ್ತದೆ. 2 ಅಡಿ ಅಗಲ, 3 ಅಡಿ ಎತ್ತರದ 4 ಮಿಲಿಮೀಟರ್ ಕನ್ನಡಿಯೊಂದೇ ಸುಮಾರು ಐದೂವರೆ ಕಿಲೊ. ಹಳೆಯ ಕಿಟಕಿ ಚೌಕಟ್ಟು ಸೇರಿದರೆ ತೂಕ ಅದರ ಎರಡರಷ್ಟೋ ಮೂರರಷ್ಟೋ ಆಗಬಹುದು. ಇಟ್ಟಿಗೆ, ಸಿಮೆಂಟಿನ ಗೋಡೆಯಲ್ಲಿ ಪ್ಲಗ್ (ತಿರುಪು ಹಿಡಿಯುವ ಸಣ್ಣ ಗೂಟ) ಹಾಕಿ ತಿರುಪು ಬಿಗಿದರೆ ನಿಲ್ಲುತ್ತದೆ. ಹಳೆಯ ಮಣ್ಣಿನ ಗೋಡೆಯಲ್ಲಿ ಪ್ಲಗ್ ಹಿಡಿಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳ ಹಳ್ಳಿಗಳಲ್ಲಿ ಕಾಣುವ ಕಲ್ಲು ಚಪ್ಪಡಿಯ ಗೋಡೆಗಳನ್ನು ಸಾಮಾನ್ಯ ಡ್ರಿಲ್ಲಿನಿಂದ ಕೊರೆಯುವುದು ಕಷ್ಟ, ಅಂಚಿನ ಬಳಿ ಕೊರೆದರೆ ಚಪ್ಪಡಿ ಚಕ್ಕೆ ಏಳುವ ಭಯವೂ ಇದೆ. ಈ ಎರಡೂ ಬಗೆಯ ಮನೆಗಳಲ್ಲಿ ಭಾರದ ಕನ್ನಡಿಯನ್ನು ನೆಲದ ಮೇಲೆ ನಿಲ್ಲಿಸಿ ಗೋಡೆಗೆ ಒರಗಿಸುವುದು, ಬುಡ ಜಾರದಂತೆ ರಬ್ಬರ್ ಹಾಕುವುದು, ಮೇಲ್ತುದಿಯನ್ನು ಕಿಟಕಿಯ ಸರಳಿಗೆ ತಂತಿಯಿಂದ ಕಟ್ಟುವುದು ಕ್ಷೇಮ.

ಕಾರ್ಖಾನೆಯ ಪ್ಯಾಕಿಂಗ್ ಪ್ಯಾಲೆಟ್ ಮರ ಬಳಸಬಹುದೇ?

ವಸಂತನರಸಾಪುರ ಕೈಗಾರಿಕಾ ಪ್ರದೇಶದಂಥ ಕಡೆಗಳಲ್ಲಿ ಇಂಥ ಮರ ಕಾಣಸಿಗುತ್ತದೆ. ಹೊರದೇಶಕ್ಕೆ ಹೋಗಿಬರುವ ಪ್ಯಾಲೆಟ್ಟುಗಳ ಮೇಲೆ ಗೋಧಿ ತೆನೆಯಂಥ ಚಿಹ್ನೆಯ ಸುಟ್ಟ ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಎಂದಿದ್ದರೆ ಮರದ ಒಳಭಾಗವನ್ನು 56 ಡಿಗ್ರಿ ಸೆಲ್ಸಿಯಸ್‌ಗೆ ಕನಿಷ್ಠ 30 ನಿಮಿಷ ಕಾಯಿಸಿ ಹುಳು ಕೊಂದಿದ್ದಾರೆ ಎಂದರ್ಥ, ಅದನ್ನು ತೆಗೆದುಕೊಳ್ಳಿ. ಎಂಬಿ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಅನಿಲದ ಉಪಚಾರ, ಮನೆಗೆ ಬೇಡ. ಮುದ್ರೆ ಯಾವುದಿದ್ದರೂ ಎಣ್ಣೆ ಅಥವಾ ರಾಸಾಯನಿಕದ ಕಲೆಯಿರುವ ಹಲಗೆಯನ್ನು ಮುಟ್ಟಬೇಡಿ.

ಗಂಧ, ಬೀಟೆ, ರಕ್ತಚಂದನದ ವಸ್ತುಗಳನ್ನು ಕೊಳ್ಳುವುದರಲ್ಲಿ ಕಾನೂನಿನ ತೊಡಕಿದೆಯೇ?

ಇದೆ. ಈ ಮರಗಳ ವ್ಯವಹಾರಕ್ಕೆ ಅರಣ್ಯ ಕಾಯ್ದೆಯ ನಿಯಂತ್ರಣವಿದೆ. ಬಿಲ್ಲಿಲ್ಲದೆ, ಮಾರುವವರಿಗೆ ಅದು ಎಲ್ಲಿಂದ ಬಂತೆಂಬುದಕ್ಕೆ ಉತ್ತರವಿಲ್ಲದೆ ಕೊಳ್ಳಬೇಡಿ. ಬೀಟೆ ಮತ್ತು ರಕ್ತಚಂದನ, ಅಳಿವಿನಂಚಿನ ಗಿಡ ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲೂ ಇರುವುದರಿಂದ ಅವುಗಳ ವಸ್ತುಗಳನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಮುನ್ನ ವಿಚಾರಿಸಬೇಕು. ಮೈಸೂರು ಶೈಲಿಯ ಹಳೆಯ ಬೀಟೆ ಫಲಕಗಳಲ್ಲಿ ಮರ ಕೊರೆದು ಕೂರಿಸಿದ ಬಿಳಿಯ ಅಲಂಕಾರ ದಂತದ್ದಾಗಿರಬಹುದು. ದಂತದ ಮಾರಾಟ, ಖರೀದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷಿದ್ಧ. ಅಲ್ಲದೆ ನೂರು ವರ್ಷ ದಾಟಿದ ಕೆತ್ತನೆಯ ಕೃತಿಗಳು 1972ರದ್ದೇ ಆದ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಹಳೆಯ ತೇರಿನ ಅಥವಾ ಗುಡಿಯ ಕೆತ್ತನೆಯ ತುಂಡು ಗುಜರಿಯಲ್ಲಿ ಕಂಡರೆ ಅದನ್ನು ಟೀಪಾಯಿ ಮಾಡುವ ಮಾತು ಹಾಗಿರಲಿ, ಕೊಳ್ಳುವುದೇ ಬೇಡ. ಅದು ಕದ್ದ ಮಾಲಾಗಿರುವ ಸಾಧ್ಯತೆ ಬಹಳ.

ದೇವರ ಫೋಟೊದ ಚೌಕಟ್ಟು, ಮಂದಾಸನಗಳನ್ನು ಬೇರೆ ಕೆಲಸಕ್ಕೆ ಬಳಸುವುದು ಸರಿಯೇ?

ಇದಕ್ಕೆ ನಿಯಮವಿಲ್ಲ, ಮನೆಯ ಹಿರಿಯರನ್ನು ಕೇಳಿ. ಚೌಕಟ್ಟನ್ನು ಕನ್ನಡಿಗೋ ಮನೆಯವರ ಫೋಟೊಗೋ ಬಳಸಲು ಹೆಚ್ಚಿನವರು ಆಕ್ಷೇಪಿಸುವುದಿಲ್ಲ. ಕಾಲು ತಾಗುವ ಜಾಗಕ್ಕೆ, ಚಪ್ಪಲಿ ಸ್ಟ್ಯಾಂಡಿಗೆ ಬೇಡ. ಮಂದಾಸನವನ್ನು ಪುಸ್ತಕದ ಗೂಡಾಗಿ ಮಾಡಿಕೊಂಡರೆ ಯಾರಿಗೂ ಇರುಸುಮುರುಸಾಗದು.

ಎಲ್ಲವನ್ನೂ ನಾವೇ ಮಾಡಬೇಕೇ, ಬಡಗಿಯವರಿಗೆ ಕೊಡಬೇಕೇ?

ಉಜ್ಜುವುದು, ಒರೆಸುವುದು, ಪಾಲಿಶ್ ಹಚ್ಚುವುದು ಸಮಯ ತಿನ್ನುವ ಕೆಲಸ, ಅದಕ್ಕೆ ಕೂಲಿ ಕೊಟ್ಟರೆ ಗುಜರಿಯಲ್ಲಿ ಉಳಿಸಿದ ಹಣ ಅಲ್ಲಿಗೆ ಹೋಗುತ್ತದೆ. ಅದನ್ನು ನೀವೇ ಮಾಡಿ. ನೇರವಾಗಿ ಕತ್ತರಿಸುವುದು, ಸಂದು ತೆಗೆದು ಕೂಡಿಸುವುದು, ಬಾಗಿಲು ಕೂರಿಸುವುದು ಬಡಗಿಯವರ ಕೈಯಲ್ಲಿ ಅರ್ಧ ಗಂಟೆಯದು, ನಿಮ್ಮ ಕೈಯಲ್ಲಿ ಅರ್ಧ ದಿನದ್ದು. ಅವರ ಬಳಿ ಹೋಗುವಾಗ ಮೊಬೈಲಿನ ಚಿತ್ರವಲ್ಲ, ವಸ್ತುವನ್ನೂ ಅಳತೆ ಬರೆದ ಕಾಗದವನ್ನೂ ಒಯ್ಯಿರಿ, ಮರದೊಳಗೆ ಮೊಳೆ ಇದ್ದರೆ ಮೊದಲೇ ಹೇಳಿ. ಅವರ ಗರಗಸದ ಹಲ್ಲು ಮುರಿದರೆ ನಷ್ಟ ಅವರದು. ದೀಪ ಮಾಡುವುದಾದರೆ ವೈರಿಂಗನ್ನು ಎಲೆಕ್ಟ್ರಿಷಿಯನ್ ಮಾಡಲಿ, ಬಲ್ಬು ಎಲ್‌ಇಡಿಯೇ ಆಗಿರಲಿ.

ಉಳಿದ ಚೂರುಗಳನ್ನು ಹಂಡೆಯ ಒಲೆಗೆ ಹಾಕಬಹುದೇ?

ಬಣ್ಣ, ಪಾಲಿಶ್, ಅಂಟು ಯಾವುದೂ ಇಲ್ಲದ ಗಟ್ಟಿ ಮರದ ಚೂರನ್ನು ಹಾಕಬಹುದು. ಬಣ್ಣದ ಮರ, ಪ್ಲೈವುಡ್, ಎಂಡಿಎಫ್‌ಗಳನ್ನು ಸುಡಬೇಡಿ. ಹೊಗೆ ಬಚ್ಚಲಿನಲ್ಲೇ ತುಂಬಿಕೊಳ್ಳುತ್ತದೆ, ಸೀಸವಿದ್ದರೆ ಅದು ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯಿಂದ ಪಾತ್ರೆ ಬೆಳಗುವವರೂ ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಹಾಕುವವರೂ ನಮ್ಮ ಕಡೆ ಇನ್ನೂ ಇದ್ದಾರಾದ್ದರಿಂದ, ಅಂಥ ಚೂರುಗಳನ್ನು ಪ್ರತ್ಯೇಕವಾಗಿ ಕಟ್ಟಿ ನಗರಪಾಲಿಕೆಯ ಒಣಕಸದ ಗಾಡಿಗೆ ಕೊಡಿ.